‘ಬಾರ್ಡರ್‌ಲೈನ್’: ಒಂದು ರೋಗನಾಮದ ಚರಿತ್ರೆ

ಕೆಲವು ತಿಂಗಳುಗಳ ಹಿಂದೆ ನಮ್ಮ ಬಳಗದ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಕಾಲೇಜಿನಲ್ಲಿ ಓದುತ್ತಿರುವ ಮಗಳು ತಾನಾಗಿಯೇ ತಂದು ತೋರಿಸಿದ ವೈದ್ಯರ ಕಾಗದದಲ್ಲಿ ‘ಬಿ.ಪಿ.ಡಿ.’ ಎಂಬ ಮೂರಕ್ಷರಗಳಿದ್ದವು. ಊರಿನಲ್ಲಿರುವ ಅಜ್ಜಿಗೆ ವಿಷಯ ತಿಳಿದಾಗ, “ಇಷ್ಟು ಚಿಕ್ಕ ವಯಸ್ಸಿಗೇ ಬಿ.ಪಿ.ಯೇ? ಉಪ್ಪಿನಕಾಯಿ ಕೊಡಬೇಡ” ಎಂದರಂತೆ. ತಾಯಿ ಇದನ್ನು ನಗುತ್ತಲೇ ಹೇಳಿದರು. ನಗು ಮುಗಿಯುವ ಮೊದಲೇ ಕಣ್ಣೊರೆಸಿಕೊಂಡರು. ಅವರು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯೇ ಆಗಿತ್ತು: “ನಾನು ಎಲ್ಲಿ ತಪ್ಪಿದೆ?”

ಆ ಮೂರಕ್ಷರಗಳ ಪೂರ್ಣರೂಪ ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’. ರಕ್ತದೊತ್ತಡಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರಿನಲ್ಲಿ ಹತ್ತಿರವೆನಿಸುವ ‘ಬೈಪೋಲಾರ್’ ಕೂಡ ಬೇರೆಯೇ ರೋಗ. ನಾವು ವೈದ್ಯರಲ್ಲ. ಆದರೆ ಈ ಹೆಸರಿನ ಚರಿತ್ರೆಯನ್ನು ಓದುತ್ತ ಹೋದಂತೆ, ಆ ತಾಯಿಯ ಪ್ರಶ್ನೆ ಅವರೊಬ್ಬರದೇ ಅಲ್ಲವೆಂಬುದು ಮನದಟ್ಟಾಯಿತು. ಮನೋವೈದ್ಯಶಾಸ್ತ್ರವೂ ಅದೇ ಪ್ರಶ್ನೆಯನ್ನು ದಶಕಗಳ ಕಾಲ ಕೇಳಿಕೊಂಡಿದೆ, ಬಹುಕಾಲ ತಪ್ಪು ಉತ್ತರವನ್ನೂ ಕೊಟ್ಟಿದೆ. ತಾಯಿ ಮಗಳಿಬ್ಬರ ಒಪ್ಪಿಗೆ ಪಡೆದು ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ರೋಗದ ಸ್ವರೂಪ. ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ. ಅವುಗಳಲ್ಲಿ ಐದಾದರೂ ಇರಬೇಕು, ಅದೂ ಬಹುಕಾಲದಿಂದ ಇರಬೇಕು. ಬಿಟ್ಟುಹೋಗುತ್ತಾರೆಂಬ ತೀವ್ರ ಭಯ, ತಾನು ಯಾರೆಂಬುದೇ ನಿಲ್ಲದಂತಹ ಅಸ್ಥಿರತೆ, ಗಂಟೆಗಂಟೆಗೆ ಬದಲಾಗುವ ಭಾವಾವೇಗ, ತೀರದ ಶೂನ್ಯಭಾವ, ಹತೋಟಿ ಮೀರುವ ಸಿಟ್ಟು, ತನಗೆ ತಾನೇ ನೋವು ಮಾಡಿಕೊಳ್ಳುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಪಟ್ಟಿಯನ್ನು ಬದಿಗಿಟ್ಟು ಮನೆಯೊಳಗೆ ನಿಂತು ನೋಡಿದರೆ ಕಾಣುವುದು ಬೇರೆ. ಗೆಳೆಯ ಒಂದು ಗಂಟೆ ಸಂದೇಶಕ್ಕೆ ಉತ್ತರಿಸಲಿಲ್ಲ. ನಮಗೆ ಅದು ಕಿರಿಕಿರಿ, ಆ ಹುಡುಗಿಗೆ ಅದು ಸಂಬಂಧವೇ ಮುಗಿಯಿತೆಂಬ ಸುದ್ದಿ. ಬೆಳಿಗ್ಗೆ “ನಿನ್ನಂಥವರು ಈ ಲೋಕದಲ್ಲೇ ಇಲ್ಲ” ಎಂದು ಅಪ್ಪಿಕೊಂಡವಳು ಸಂಜೆ “ನೀನು ಎಂದೂ ನನ್ನನ್ನು ಪ್ರೀತಿಸಲೇ ಇಲ್ಲ” ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಎರಡೂ ಮಾತುಗಳು ಆಡಿದ ಗಳಿಗೆಯಲ್ಲಿ ಪೂರ್ತಿ ನಿಜ. ಬಿಟ್ಟುಹೋಗಬಾರದೆಂಬ ಭಯದಿಂದ ಹುಟ್ಟಿದ ಜಗಳವೇ ಕೊನೆಗೆ ಜನರನ್ನು ದೂರ ಕಳಿಸುತ್ತದೆ. ಉಳಿದ ಅನೇಕ ಮನೋರೋಗಗಳು ಸಂಬಂಧಗಳನ್ನು ಕೆಡಿಸುವುದುಂಟು; ಇದು ಸಂಬಂಧಗಳ ಒಳಗೇ ವಾಸಮಾಡುತ್ತದೆ. ಅಪರಿಚಿತರ ಮುಂದೆ, ಕಚೇರಿಯಲ್ಲಿ, ನಮ್ಮ ರಾಜ್ಯೋತ್ಸವದ ವೇದಿಕೆಯ ಮೇಲೆ ಅದೇ ವ್ಯಕ್ತಿ ಹಸನ್ಮುಖಿಯಾಗಿ, ಸಮರ್ಥಳಾಗಿ ಕಾಣಬಹುದು. ಆದ್ದರಿಂದಲೇ ಮನೆಯವರು ಹೇಳಿದ್ದನ್ನು ಹೊರಗಿನವರು ನಂಬುವುದಿಲ್ಲ.

ಇನ್ನು ಹೆಸರು. ಗಡಿ ಎಂದರೆ ಯಾವುದರ ಗಡಿ? ಇಪ್ಪತ್ತನೆಯ ಶತಮಾನದ ಮೊದಲರ್ಧದ ಮನೋವಿಶ್ಲೇಷಕರು ಮನಸ್ಸಿನ ಕಾಯಿಲೆಗಳನ್ನು ಎರಡು ರಾಜ್ಯಗಳಾಗಿ ಹಂಚಿಕೊಂಡಿದ್ದರು. ಒಂದು ‘ನ್ಯೂರೋಸಿಸ್’: ವಾಸ್ತವದ ಅರಿವಿದ್ದೂ ಬಳಲುವವರು, ಇವರನ್ನು ಮಂಚದ ಮೇಲೆ ಮಲಗಿಸಿ ಮಾತನಾಡಿಸಿದರೆ ಗುಣವಾಗುತ್ತದೆಂಬ ನಂಬಿಕೆ. ಇನ್ನೊಂದು ‘ಸೈಕೋಸಿಸ್’: ವಾಸ್ತವದ ಎಳೆಯೇ ತಪ್ಪಿದವರು, ಅವರಿಗೆ ಆಸ್ಪತ್ರೆಯೇ ಗತಿ. ಈ ಎರಡಕ್ಕೂ ಸೇರದ ಕೆಲವರು ಬರುತ್ತಿದ್ದರು. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಇವರನ್ನೇ ಕುರಿತು ಒಂದು ಲೇಖನ ಬರೆದು, ‘ಬಾರ್ಡರ್‌ಲೈನ್ ಗುಂಪು’ ಎಂದು ಕರೆದರು. ಪದ ಅದಕ್ಕೂ ಹಿಂದೆ ಅಲ್ಲಲ್ಲಿ ಬಳಕೆಯಲ್ಲಿತ್ತು. ಅದಕ್ಕೊಂದು ವೈದ್ಯಕೀಯ ರೂಪ ಬಂದದ್ದು ಇಲ್ಲಿಂದ. ಕಾಸರಗೋಡಿನವರಿಗೂ ಸೊಲ್ಲಾಪುರದವರಿಗೂ ಗಡಿಯ ಮೇಲಿರುವುದೆಂದರೇನೆಂದು ನಾವು ವಿವರಿಸಬೇಕಿಲ್ಲ: ಎರಡೂ ಕಡೆಯ ಕಚೇರಿಗಳು ಅರ್ಜಿಯನ್ನು ಆಚೆಯ ಕಚೇರಿಗೆ ತಳ್ಳುತ್ತವೆ. ಈ ರೋಗಿಗಳ ಪಾಡೂ ಅದೇ ಆಯಿತು. ಹೆಸರು ಅವರ ನೋವನ್ನು ಹೇಳುತ್ತಿರಲಿಲ್ಲ, ವೈದ್ಯರ ಗೊಂದಲವನ್ನು ಹೇಳುತ್ತಿತ್ತು.

ಸ್ಟರ್ನ್ ಅವರಿಗೆ ಅನ್ಯಾಯ ಮಾಡಬಾರದು. ಅವರು ಪಟ್ಟಿ ಮಾಡಿದ ಗುಣಗಳಲ್ಲಿ ಒಂದಕ್ಕೆ ‘ಮಾನಸಿಕ ರಕ್ತಸ್ರಾವ’ ಎಂಬರ್ಥದ ಹೆಸರಿಟ್ಟರು. ಸಣ್ಣ ಗೀರಿಗೂ ರಕ್ತ ನಿಲ್ಲದೆ ಹರಿಯುವಂತೆ, ಸಣ್ಣ ಮಾತಿಗೂ ಈ ಜನ ಕುಸಿದುಬಿಡುತ್ತಾರೆಂಬುದನ್ನು ಅವರು ಕಂಡಿದ್ದರು. ಮುಂದಿನ ನಲವತ್ತು ವರ್ಷಗಳ ಪಾಂಡಿತ್ಯದಲ್ಲಿ ಈ ಕಾಣ್ಕೆ ಹೆಚ್ಚುಕಡಿಮೆ ಮುಚ್ಚಿಹೋಯಿತು.

1953ರಲ್ಲಿ ರಾಬರ್ಟ್ ನೈಟ್ ಈ ಪದಕ್ಕೆ ಮತ್ತಷ್ಟು ಚಲಾವಣೆ ತಂದರು. 1967ರಲ್ಲಿ ಆಟೋ ಕರ್ನ್‌ಬರ್ಗ್ ಪ್ರಕಟಿಸಿದ ಪ್ರಬಂಧ ಹೆಚ್ಚು ಆಳವಾದದ್ದು. ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ನಾಜಿಗಳಿಂದ ಪಾರಾಗಿ ಚಿಲಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದವರು ಅವರು. ಗಡಿಗಳನ್ನು ದಾಟುತ್ತಲೇ ಬೆಳೆದವರೊಬ್ಬರು ಗಡಿಯೆಂಬ ಹೆಸರಿನ ರೋಗಕ್ಕೆ ಸಿದ್ಧಾಂತ ಕಟ್ಟಿದ್ದು ಕಾಕತಾಳೀಯವೇ ಇರಬಹುದು. ಒಬ್ಬನೇ ಮನುಷ್ಯನಲ್ಲಿ ಒಳಿತೂ ಕೆಡುಕೂ ಒಟ್ಟಿಗೆ ಇರಬಲ್ಲವೆಂಬುದನ್ನು ಮನಸ್ಸು ಹಿಡಿದಿಟ್ಟುಕೊಳ್ಳಲಾರದೆ, ಲೋಕವನ್ನು ದೇವರು ದೆವ್ವಗಳಾಗಿ ಸೀಳಿಬಿಡುತ್ತದೆ ಎಂಬುದು ಅವರ ವಿವರಣೆಯ ತಿರುಳು. ಬೆಳಿಗ್ಗೆಯ ಅಪ್ಪುಗೆಯೂ ಸಂಜೆಯ ಬಾಗಿಲೂ ಒಂದೇ ಸೀಳಿನ ಎರಡು ಅಂಚುಗಳೆಂದು ಇದರಿಂದ ಅರ್ಥವಾಗುತ್ತದೆ. 1975ರಲ್ಲಿ ಜಾನ್ ಗಂಡರ್ಸನ್ ಮತ್ತು ಮಾರ್ಗರೆಟ್ ಸಿಂಗರ್ ಅದುವರೆಗಿನ ಬರಹಗಳನ್ನೆಲ್ಲ ಜರಡಿ ಹಿಡಿದು, ಗುರುತಿಸಬಹುದಾದ ಲಕ್ಷಣಗಳನ್ನು ಬೇರ್ಪಡಿಸಿದರು. ಆ ಕೆಲಸದ ಬಲದ ಮೇಲೆ 1980ರಲ್ಲಿ ಅಮೆರಿಕದ ಕೈಪಿಡಿಯ ಮೂರನೆಯ ಆವೃತ್ತಿ ಈ ರೋಗಕ್ಕೆ ಅಧಿಕೃತ ಸ್ಥಾನ ಕೊಟ್ಟಿತು.

ಅಷ್ಟರಲ್ಲಿ ತಪ್ಪಿತಸ್ಥರ ಹುಡುಕಾಟವೂ ನಡೆದಿತ್ತು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಅಮೆರಿಕದ ಮನೋವೈದ್ಯರೂ ಅದನ್ನೇ ಬೇರೆ ಭಾಷೆಯಲ್ಲಿ ನಂಬಿದ್ದರು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಅವರ ಬರಹದಿಂದ, ಸ್ಕಿಜೋಫ್ರೀನಿಯಾವನ್ನು ಹುಟ್ಟಿಸುವ ‘ತಾಯಿ’ ಎಂಬ ಕಲ್ಪನೆಯೇ ಪ್ರಚಾರಕ್ಕೆ ಬಂದಿತ್ತು. 1975ರಲ್ಲಿ ಜೇಮ್ಸ್ ಮಾಸ್ಟರ್ಸನ್ ಮತ್ತು ಡೊನಾಲ್ಡ್ ರಿನ್‌ಸ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವದ ಮೂಲದಲ್ಲಿ ತಾಯಿಯ ಪಾತ್ರವನ್ನು ಕುರಿತೇ ಪ್ರಬಂಧ ಬರೆದರು: ಮಗು ಸ್ವತಂತ್ರವಾಗಲು ಹೊರಟಾಗ ತಾಯಿ ತನ್ನ ಮಮತೆಯನ್ನು ಹಿಂದಕ್ಕೆಳೆದುಕೊಳ್ಳುತ್ತಾಳೆ, ಅಂಟಿಕೊಂಡಾಗ ಮಾತ್ರ ಕೊಡುತ್ತಾಳೆ ಎಂದು. ಈ ನಂಬಿಕೆಯ ದಿನಗಳಲ್ಲಿ ಆಸ್ಪತ್ರೆಗೆ ಬಂದ ಎಷ್ಟು ತಾಯಂದಿರು ಆರೋಪಿಯ ಕುರ್ಚಿಯಲ್ಲಿ ಕುಳಿತು ಮನೆಗೆ ಹಿಂದಿರುಗಿರಬಹುದು! ತಂದೆಯ ಪ್ರಸ್ತಾಪ ಅಪರೂಪವೆಂಬುದನ್ನೂ ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 1989ರಲ್ಲಿ ಜೂಡಿತ್ ಹರ್ಮನ್ ಮತ್ತು ಅವರ ಸಹೋದ್ಯೋಗಿಗಳು, ಈ ರೋಗಿಗಳಲ್ಲಿ ಹಲವರು ಬಾಲ್ಯದಲ್ಲಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಂದು ತೋರಿಸಿದರು. ಅದನ್ನು ಅಲ್ಲಗಳೆಯುವುದು ಇನ್ನೊಂದು ಅನ್ಯಾಯ. ಮನೆಯ ಮರ್ಯಾದೆಯ ಹೆಸರಿನಲ್ಲಿ ಇಂಥದನ್ನು ಮುಚ್ಚಿಡುವ ಅಭ್ಯಾಸ ನಮ್ಮವರಲ್ಲಿ ಇಲ್ಲವೆನ್ನಲಾಗದು. ಆದರೆ ಎಲ್ಲರ ಕತೆಯೂ ಅದಲ್ಲ. ಅವಳಿ ಮಕ್ಕಳ ಅಧ್ಯಯನಗಳು ಅನುವಂಶೀಯತೆಗೂ ಗಣನೀಯ ಪಾಲಿದೆಯೆಂದು ತೋರಿಸಿವೆ. ಹುಟ್ಟಿನಿಂದಲೇ ತೆಳುವಾದ ಮನಸ್ಸಿನ ಮಗುವಿಗೆ, ಅದರ ಅಣ್ಣನಿಗೆ ಸಾಕಾದ ಮನೆಯೇ ಸಾಲದೆ ಹೋಗಬಹುದು. ಅದರಲ್ಲಿ ಯಾರ ತಪ್ಪೂ ಇರಬೇಕೆಂದಿಲ್ಲ.

ಹೆಸರು ಅಧಿಕೃತವಾದ ಮೇಲೆ ರೋಗಿಗಳ ಗೌರವ ಹೆಚ್ಚಿತೇ? ಇಲ್ಲ. 1988ರಲ್ಲಿ ಬ್ರಿಟನ್ನಿನಲ್ಲಿ ಲೂಯಿಸ್ ಮತ್ತು ಆಪಲ್‌ಬಿ ಎಂಬ ಸಂಶೋಧಕರು ಮನೋವೈದ್ಯರಿಗೆ ರೋಗಿಗಳ ವಿವರ ಬರೆದು ಕಳಿಸಿ ಅಭಿಪ್ರಾಯ ಕೇಳಿದರು. ವಿವರ ಒಂದೇ, ಕೆಲವರ ಪ್ರತಿಯಲ್ಲಿ ಮಾತ್ರ ‘ಹಿಂದೆ ವ್ಯಕ್ತಿತ್ವದೋಷವೆಂದು ಗುರುತಿಸಲಾಗಿತ್ತು’ ಎಂಬ ಮಾತು ಸೇರಿತ್ತು. ಆ ಒಂದು ಮಾತಿನಿಂದಲೇ ರೋಗಿ ಕಷ್ಟದವನು, ಗಮನ ಸೆಳೆಯಲು ಹೀಗೆ ಮಾಡುತ್ತಾನೆ, ಅನುಕಂಪಕ್ಕೆ ಅಷ್ಟಾಗಿ ಅರ್ಹನಲ್ಲ ಎಂಬಂತಹ ತೀರ್ಪುಗಳು ಬಂದವು. ಆ ಪ್ರಬಂಧದ ಶೀರ್ಷಿಕೆಯಲ್ಲೇ ‘ಮನೋವೈದ್ಯರು ಇಷ್ಟಪಡದ ರೋಗಿಗಳು’ ಎಂಬ ಮಾತಿದೆ. ಕಲಿತ ವೈದ್ಯರೇ ಹೀಗಾದರೆ, ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದಾಗ “ಅವಳದು ಎಲ್ಲ ನಾಟಕ” ಎಂದವರನ್ನು ಹೇಗೆ ದೂರುವುದು?

ಸುಸಾನಾ ಕೇಸನ್ ಎಂಬ ಲೇಖಕಿಯನ್ನು ಇಲ್ಲಿ ನೆನೆಯಬೇಕು. ಹದಿನೆಂಟರ ವಯಸ್ಸಿನಲ್ಲಿ, 1967ರಲ್ಲಿ, ಅವರನ್ನು ಬಾಸ್ಟನ್ ಸಮೀಪದ ಬೆಲ್ಮಾಂಟ್‌ನ ಮ್ಯಾಕ್‌ಲೀನ್ ಆಸ್ಪತ್ರೆಗೆ ಸೇರಿಸಲಾಯಿತು. ಹೊರಬರಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಬಹುಕಾಲದ ಅನಂತರ ವಕೀಲರ ನೆರವಿನಿಂದ ತಮ್ಮ ಕಡತವನ್ನು ಪಡೆದು ನೋಡಿದಾಗ ಅದರಲ್ಲಿ ಈ ರೋಗದ ಹೆಸರಿತ್ತು. 1993ರಲ್ಲಿ ಅವರು ಪ್ರಕಟಿಸಿದ ಆತ್ಮಕಥನದಲ್ಲಿ ಆ ಹೆಸರನ್ನೇ ಎದುರಿಟ್ಟುಕೊಂಡು ವಾದಕ್ಕೆ ನಿಲ್ಲುತ್ತಾರೆ. ‘ಗರ್ಲ್, ಇಂಟರಪ್ಟೆಡ್’ ಎಂಬ ಆ ಪುಸ್ತಕವನ್ನು ಚಿತ್ರವಾಗಿ ನಮ್ಮಲ್ಲಿ ಹಲವರು ನೋಡಿರಬಹುದು.

ಈ ಚರಿತ್ರೆಯ ತಿರುವು ಮಾರ್ಷಾ ಲೀನಹನ್ ಅವರದು. 1943ರಲ್ಲಿ ಓಕ್ಲಹೋಮದ ಟಲ್ಸಾದಲ್ಲಿ ಹುಟ್ಟಿದ ಹುಡುಗಿ. ಆರು ಮಕ್ಕಳಲ್ಲಿ ಒಬ್ಬಳು, ಓದಿನಲ್ಲಿ ಮುಂದು. 1961ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನ ‘ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್’ ಆಸ್ಪತ್ರೆಗೆ ದಾಖಲಾದಳು. ಇಪ್ಪತ್ತಾರು ತಿಂಗಳು ಅಲ್ಲೇ ಕಳೆದವು. ಸ್ಕಿಜೋಫ್ರೀನಿಯಾ ಎಂದು ಭಾವಿಸಿ ತೀಕ್ಷ್ಣ ಔಷಧಿಗಳನ್ನೂ ವಿದ್ಯುತ್ ಆಘಾತದ ಚಿಕಿತ್ಸೆಯನ್ನೂ ಕೊಟ್ಟರು. ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿರಿಸಿದರು. ಆಸ್ಪತ್ರೆಯ ಅತ್ಯಂತ ತೀವ್ರ ರೋಗಿಗಳಲ್ಲಿ ಆಕೆಯೂ ಒಬ್ಬಳೆಂದು ಕಡತದಲ್ಲಿ ಬರೆದರು. ತಾನು ಈ ನರಕದಿಂದ ಹೊರಬಂದರೆ, ಮರಳಿ ಬಂದು ಉಳಿದವರನ್ನೂ ಹೊರತರುವೆನೆಂದು ಆ ಹುಡುಗಿ ಸಂಕಲ್ಪ ಮಾಡಿಕೊಂಡಳಂತೆ. ಇಂಥ ಸಂಕಲ್ಪಗಳನ್ನು ಹದಿಹರೆಯದಲ್ಲಿ ಅನೇಕರು ಮಾಡುತ್ತಾರೆ. ಈಕೆ ದುಡಿಯುತ್ತಲೇ ರಾತ್ರಿ ತರಗತಿಗಳಲ್ಲಿ ಓದಿ, 1971ರಲ್ಲಿ ಷಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಯಾರೂ ಬೇಡವೆನ್ನುವ ರೋಗಿಗಳನ್ನೇ ಹುಡುಕಿ ಕರೆದರು.

ಅವರಿಗೆದುರಾದ ತೊಡಕು ಮನೆಮನೆಯ ತೊಡಕೇ ಆಗಿತ್ತು. “ನೀನು ಬದಲಾಗಬೇಕು” ಎಂದರೆ ರೋಗಿಗೆ ತನ್ನ ನೋವನ್ನೇ ಅಲ್ಲಗಳೆದಂತಾಗುತ್ತಿತ್ತು; “ನೀನು ಇರುವಂತೆಯೇ ಸರಿ” ಎಂದರೆ, ಹಾಗಾದರೆ ಈ ನರಕ ಹೀಗೆಯೇ ಇರಬೇಕೇ ಎಂಬ ಹತಾಶೆ. ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿಯನ್ನು ಲೀನಹನ್ ರೂಪಿಸಿದರು. ಅದಕ್ಕೆ ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’, ಸಂಕ್ಷೇಪದಲ್ಲಿ ಡಿ.ಬಿ.ಟಿ., ಎಂಬ ಹೆಸರು ಬಂತು. ಇರುವುದನ್ನು ಇರುವಂತೆ ಒಪ್ಪಿಕೊಳ್ಳುವ ಪಾಠವನ್ನು ಅವರು ಝೆನ್ ಸಾಧನೆಯಿಂದ ಕಲಿತರು. ಉಸಿರಿನ ಮೇಲೆ ಗಮನವಿಡುವ ಅಭ್ಯಾಸವೂ ಆ ದಾರಿಯಿಂದಲೇ ಸೇರಿತು. ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಭೇಟಿ. ಜೊತೆಗೆ, ಶಾಲೆಯ ತರಗತಿಯಂತೆಯೇ ನಡೆಯುವ ಗುಂಪಿನಲ್ಲಿ ಸಂಕಟದ ಗಳಿಗೆಯನ್ನು ಇನ್ನಷ್ಟು ಕೆಡಿಸದೆ ದಾಟುವುದು, ಭಾವಾವೇಗವನ್ನು ಗುರುತಿಸಿ ಹದಗೊಳಿಸುವುದು, ಸಂಬಂಧ ಕಡಿಯದೆ ಬೇಕಾದುದನ್ನು ಕೇಳುವುದು ಮುಂತಾದವುಗಳ ಕಲಿಕೆ. ಕಷ್ಟದ ಹೊತ್ತಿನಲ್ಲಿ ದೂರವಾಣಿಯಲ್ಲಿ ಸಲಹೆ. ಚಿಕಿತ್ಸಕರೂ ಒಬ್ಬರಿಗೊಬ್ಬರು ಆಸರೆಯಾಗಲು ವಾರವಾರ ಸೇರಬೇಕು. 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷ ಈ ಚಿಕಿತ್ಸೆ ಪಡೆದ ಮಹಿಳೆಯರು ತಮಗೆ ತಾವೇ ಹಾನಿ ಮಾಡಿಕೊಳ್ಳುವುದು ಕಡಿಮೆಯಾಯಿತು, ಆಸ್ಪತ್ರೆಯ ದಿನಗಳು ಕಡಿಮೆಯಾದವು, ಚಿಕಿತ್ಸೆಯನ್ನು ನಡುವೆ ಬಿಟ್ಟವರೂ ಕಡಿಮೆ. ಖಿನ್ನತೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ವರದಿ ಮಾಡಿದರು. ಇದೇ ರೋಗಕ್ಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮಾತ್ರೆ ಯಾವುದೂ ಇಲ್ಲದಿರುವುದರಿಂದ, ಮಾತಿನ ಚಿಕಿತ್ಸೆಯ ಈ ಗೆಲುವು ಸಣ್ಣದಲ್ಲ. ಮುಂದೆ ಲಂಡನ್ನಿನಲ್ಲಿ ಬೇಟ್‌ಮನ್ ಮತ್ತು ಫೊನಗಿ ಬೇರೊಂದು ವಿಧಾನದಿಂದ ಒಳ್ಳೆಯ ಫಲ ಕಂಡರು. 1999ರಲ್ಲಿ ಅವರ ಪ್ರಯೋಗ ಪ್ರಕಟವಾಯಿತು.

ಈ ರೋಗಿಗಳನ್ನು ಲೀನಹನ್ ಮೈತುಂಬ ಸುಟ್ಟವರಿಗೆ ಹೋಲಿಸಿದ್ದಾರೆ: ಚರ್ಮವೇ ಇಲ್ಲದಲ್ಲಿ ಮೆಲ್ಲಗೆ ಮುಟ್ಟಿದರೂ ಉರಿ. 1938ರ ರಕ್ತಸ್ರಾವದ ರೂಪಕ ಹೀಗೆ ಅರ್ಧ ಶತಮಾನದ ಮೇಲೆ ಮತ್ತೆ ಕಾಣಿಸಿಕೊಂಡಿತು. ಈ ಬಾರಿ ಹೇಳಿದವರಿಗೆ ಆ ಉರಿಯ ಅನುಭವವಿತ್ತು. ಆದರೆ ಲೋಕಕ್ಕೆ ಅದು ತಿಳಿದದ್ದು 2011ರ ಜೂನ್‌ನಲ್ಲಿ. ತಮ್ಮನ್ನು ಒಮ್ಮೆ ಕೂಡಿಹಾಕಿದ್ದ ಹಾರ್ಟ್‌ಫರ್ಡಿನ ಅದೇ ಆಸ್ಪತ್ರೆಗೆ ಹೋಗಿ, ಬಂಧುಗಳೂ ವೈದ್ಯರೂ ನೆರೆದ ಸಭೆಯಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ತಮ್ಮ ಕತೆಯನ್ನು ಹೇಳಿದರು. ಅವರ ತೋಳುಗಳ ಮೇಲಿನ ಹಳೆಯ ಗುರುತುಗಳನ್ನು ಕಂಡ ರೋಗಿಯೊಬ್ಬಳು, ನೀವೂ ನಮ್ಮವರೇ ಆಗಿದ್ದರೆ ನಮಗೆಲ್ಲ ಎಷ್ಟು ಭರವಸೆ ಬರುತ್ತಿತ್ತು ಎಂಬರ್ಥದಲ್ಲಿ ಕೇಳಿದ್ದು ಅವರನ್ನು ಕಾಡಿತ್ತಂತೆ.

ಮನೆಯವರ ಪಾಲು ಏನು? ಆರೋಪಿಯ ಕುರ್ಚಿಯಿಂದ ಅವರನ್ನು ಎಬ್ಬಿಸಿದ ಕೆಲಸದಲ್ಲಿ ಗಂಡರ್ಸನ್ ಅವರ ಹೆಸರು ಮತ್ತೆ ಬರುತ್ತದೆ. ಮ್ಯಾಕ್‌ಲೀನ್ ಆಸ್ಪತ್ರೆಯಲ್ಲಿ ಅವರೂ ಸಿಂಥಿಯಾ ಬರ್ಕೊವಿಟ್ಜ್ ಅವರೂ ಹಲವು ಕುಟುಂಬಗಳನ್ನು ಒಟ್ಟಿಗೆ ಕೂರಿಸಿ ಮಾತನಾಡಿಸಿ, ಮನೆಯವರಿಗಾಗಿ ಒಂದು ಮಾರ್ಗದರ್ಶಿ ಬರೆದರು. ಅದರಲ್ಲಿ ನಮ್ಮ ಮನಸ್ಸಿಗೆ ನಾಟಿದ ಒಂದು ವಿಚಾರವಿದೆ. ಗುಣವಾಗುವುದೂ ಈ ರೋಗಿಗೆ ಭಯದ ಸಂಗತಿ; ಗುಣವಾದರೆ ಇನ್ನು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಆತಂಕ. ಆದ್ದರಿಂದ ಮಗಳು ಒಂದು ಪರೀಕ್ಷೆ ಪಾಸಾದ ಕೂಡಲೇ “ಇನ್ನು ನೀನು ಪೂರ್ತಿ ಸರಿಹೋದೆ” ಎಂದು ಊರಿಗೆಲ್ಲ ಫೋನು ಮಾಡುವುದು ಬೇಡ. ನಿಧಾನವಿರಲಿ, ಮನೆ ತಣ್ಣಗಿರಲಿ, ತಂದೆ ಒಂದು ತಾಯಿ ಒಂದು ಹೇಳುವುದು ಬೇಡ. ಸಾಯುವ ಮಾತನ್ನಾಡಿದರೆ ಮಾತ್ರ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಆ ಕ್ಷಣವೇ ನೆರವು ಪಡೆಯಬೇಕು. ಈ ದೇಶದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಪೆರಿ ಹಾಫ್‌ಮನ್ ಮತ್ತು ಅಲನ್ ಫ್ರುಜೆಟಿ ‘ಫ್ಯಾಮಿಲಿ ಕನೆಕ್ಷನ್ಸ್’ ಎಂಬ ಹನ್ನೆರಡು ವಾರಗಳ ತರಗತಿಯನ್ನು ರೂಪಿಸಿದರು. ಅದನ್ನು ಮುಖ್ಯವಾಗಿ ನಡೆಸುವವರು ತರಬೇತಿ ಪಡೆದ ಮನೆಯವರೇ, ಶುಲ್ಕವಿಲ್ಲ. ಅಲ್ಲಿ ಕಲಿಸುವ ಒಂದು ಪಾಠ, ಒಪ್ಪದೆಯೂ ಅರ್ಥಮಾಡಿಕೊಂಡೆನೆಂದು ತಿಳಿಸುವುದು. ಮಗಳು “ಅವನು ಫೋನು ಎತ್ತಲಿಲ್ಲ, ನನ್ನನ್ನು ಬಿಟ್ಟುಬಿಟ್ಟ” ಎಂದಾಗ ನಮ್ಮ ಬಾಯಿಂದ ತಾನಾಗಿ ಬರುವುದು, “ಇಷ್ಟಕ್ಕೆಲ್ಲ ಯಾರಾದರೂ ಅಳುತ್ತಾರೆಯೇ? ನಿನ್ನ ವಯಸ್ಸಿನಲ್ಲಿ ನಾವು...”. ಅದರ ಬದಲು, “ಇಷ್ಟು ಹೊತ್ತು ಕಾಯುವುದು ನಿನಗೆ ತುಂಬ ಕಷ್ಟವಾಗಿದೆ ಮಗಳೇ” ಎನ್ನಬಹುದು. ಅವನು ಬಿಟ್ಟುಹೋದನೆಂದು ಇಲ್ಲಿ ಒಪ್ಪಿಕೊಂಡಂತಾಗಲಿಲ್ಲ; ಅವಳ ಭಯ ಸುಳ್ಳೆಂದು ಹೇಳಿದಂತೆಯೂ ಆಗಲಿಲ್ಲ. ಆ ತಾಯಿ ಈ ಮಾತನ್ನು ಅಡುಗೆಮನೆಯಲ್ಲಿ ಒಬ್ಬರೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರಂತೆ. ಕನ್ನಡದಲ್ಲಿ ಇಂಥ ಮಾತು ನಾಲಗೆಗೆ ಸುಲಭವಾಗಿ ಬರುವುದಿಲ್ಲ ಎಂದರು. ನಮಗೂ ಹಾಗೆಯೇ ಅನ್ನಿಸಿತು.

ಇದು ಜೀವನಪರ್ಯಂತದ ಶಿಕ್ಷೆಯೆಂಬ ನಂಬಿಕೆಯನ್ನು ಮುರಿದವರು ಮ್ಯಾಕ್‌ಲೀನ್‌ನ ಮೇರಿ ಜನರೀನಿ. 1992ರಲ್ಲಿ ಆರಂಭಿಸಿ 290 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅವರ ಅಧ್ಯಯನದಲ್ಲಿ, ಹತ್ತು ವರ್ಷಗಳೊಳಗೆ ನೂರಕ್ಕೆ 93ರಷ್ಟು ಜನರಲ್ಲಿ ರೋಗಲಕ್ಷಣಗಳು ಕನಿಷ್ಠ ಎರಡು ವರ್ಷ ಇಳಿದಿದ್ದವು. ಒಳ್ಳೆಯ ಸ್ನೇಹ ಅಥವಾ ದಾಂಪತ್ಯವನ್ನೂ, ಓದು ಅಥವಾ ಉದ್ಯೋಗವನ್ನೂ ಸೇರಿಸಿ ಲೆಕ್ಕ ಹಾಕಿದರೆ ಚೇತರಿಸಿಕೊಂಡವರು ಅರ್ಧದಷ್ಟು. ಮೊದಲ ಸಂಖ್ಯೆ ಧೈರ್ಯ ಕೊಡುತ್ತದೆ, ಎರಡನೆಯದು ಇನ್ನೂ ಎಷ್ಟು ಕೆಲಸವಿದೆಯೆಂದು ಹೇಳುತ್ತದೆ. ಎರಡನ್ನೂ ಆ ಮನೆಗೆ ತಿಳಿಸಿದ್ದೇವೆ.

ಊರಿನ ಅಜ್ಜಿಯ ಕಡೆಗೆ ಬರೋಣ. ಮನೆಯವರನ್ನು ಚಿಕಿತ್ಸೆಯ ಜೊತೆಗಾರರನ್ನಾಗಿ ಮಾಡಿಕೊಳ್ಳುವ ವಿಚಾರ ಭಾರತಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ತಾಯಂದಿರನ್ನು ದೂರುತ್ತಿದ್ದ ಕಾಲವದು. ಕನ್ನಡದಲ್ಲೂ ಮನೋವೈದ್ಯಶಾಸ್ತ್ರವನ್ನು ಬರೆದವರಿದ್ದಾರೆ: ಕೊರವಂಜಿಯ ರಾ.ಶಿ., ಅಂದರೆ ಡಾ. ಎಂ. ಶಿವರಾಂ, ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಈಗ ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. 2022ರಿಂದ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇವೆಲ್ಲದರ ನಡುವೆಯೂ ಅಜ್ಜಿಯ ಎರಡನೆಯ ಸಲಹೆ, “ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ” ಎಂಬುದಾಗಿತ್ತು. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ನಾವು ನಗೆಗಾಗಿ ಹೇಳುತ್ತೇವೆ. ಅರ್ಧ ಭಾಗವನ್ನು ನಿಜವೆಂದೇ ನಂಬಿ ನಡೆಯುತ್ತೇವೆ. ಸಂಬಂಧದ ಒಳಗೇ ಉರಿಯುವ ರೋಗಕ್ಕೆ ಹೊಸ ಸಂಬಂಧವನ್ನು ಔಷಧಿಯಾಗಿ ಕೊಟ್ಟರೆ ಸುಡುವುದು ಎರಡು ಮನೆಗಳು. ಹುಡುಗಿ ತಾನು ಪ್ರೀತಿಸಿದವನನ್ನು ಮದುವೆಯಾಗಬಾರದೆಂದು ಇದರ ಅರ್ಥವಲ್ಲ. ಚಿಕಿತ್ಸೆಯ ಸ್ಥಾನದಲ್ಲಿ ಮದುವೆಯನ್ನು ಕೂರಿಸಬಾರದೆಂದಷ್ಟೇ.

ಹೆಸರಿನ ಕತೆ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯನ್ನು ಸಿದ್ಧಪಡಿಸುವಾಗ ವ್ಯಕ್ತಿತ್ವದ ರೋಗಗಳಿಗಿದ್ದ ಹಳೆಯ ಹೆಸರುಗಳನ್ನೆಲ್ಲ ಕೈಬಿಟ್ಟು, ತೀವ್ರತೆಯನ್ನಷ್ಟೇ ಅಳೆಯಲು ಹೊರಟಿತು. ಈ ಕ್ಷೇತ್ರದ ತಜ್ಞರ ಸಂಘಗಳು ಆಕ್ಷೇಪಿಸಿದವು: ಚಿಕಿತ್ಸೆಗಳೂ ಸಂಶೋಧನೆಯೂ ಈ ಹೆಸರಿನ ಮೇಲೆ ನಿಂತಿವೆ, ಹೆಸರು ಹೋದರೆ ಅವೂ ಹೋಗುತ್ತವೆ ಎಂದು. ಕೊನೆಗೆ 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ‘ಬಾರ್ಡರ್‌ಲೈನ್ ಮಾದರಿ’ ಎಂಬ ಒಂದು ವಿಶೇಷಣವಾಗಿ ಅದು ಉಳಿದುಕೊಂಡಿತು.

ಕನ್ನಡದಲ್ಲಿ ಇದನ್ನು ‘ಗಡಿರೇಖೆಯ ವ್ಯಕ್ತಿತ್ವ ದೋಷ’ ಎನ್ನುವುದುಂಟು. ಮೇಲೆ ಲೂಯಿಸ್ ಮತ್ತು ಆಪಲ್‌ಬಿ ಅವರ ಪ್ರಸಂಗದಲ್ಲಿ ನಾವೂ ಆ ‘ದೋಷ’ ಪದವನ್ನು ಬಳಸಿದ್ದೇವೆ, ಬೇರೆ ದಾರಿಯಿಲ್ಲದೆ. ಜಾತಕದಲ್ಲಿಯೂ ದೋಷ, ನಡತೆಯಲ್ಲಿಯೂ ದೋಷ, ಈಗ ವ್ಯಕ್ತಿತ್ವದಲ್ಲಿಯೂ ದೋಷವೆಂದರೆ ಆ ಅಜ್ಜಿಗೆ ಏನು ಕೇಳಿಸುತ್ತದೆಂದು ಊಹಿಸಬಹುದು. ಮಗಳು ತಾನೇ ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ ಮಾತನಾಡಬೇಕೆಂದಿದ್ದಾಳೆ. ಅದಕ್ಕೊಂದು ಕನ್ನಡ ಪದ ಬೇಕೆಂದು ನಮ್ಮನ್ನು ಕೇಳಿದ್ದಾಳೆ. ಬಳಗದ ಓದುಗರಲ್ಲಿ ಯಾರಿಗಾದರೂ ಹೊಳೆದರೆ ಸಂಪಾದಕರಿಗೆ ಬರೆದು ತಿಳಿಸಿ, ಅವಳಿಗೆ ತಲುಪಿಸುತ್ತೇವೆ.